ಕ್ರಿಸ್‌ಮಸ್ ಕಷಾಯ

ವೈನ್ ಬಾಟಲಿ ನಮ್ಮ ಮನೆಗೆ ಬಂದದ್ದು ಪ್ಲಮ್ ಕೇಕಿನ ಜೊತೆ, ಒಂದೇ ಡಬ್ಬದಲ್ಲಿ. ನನ್ನ ಗಂಡ ಮುನಿರಾಜು ಹೂಡಿಯ ಹತ್ತಿರದ ಟೆಕ್ ಪಾರ್ಕಿನ ಒಂದು ಕಂಪನಿಗೆ ಕ್ಯಾಬುಗಳನ್ನು ಬಿಟ್ಟಿದ್ದರು. ಡಿಸೆಂಬರ್ ಬಂತೆಂದರೆ ಆ ಕಂಪನಿಯವರು ಡೈರಿ, ಕ್ಯಾಲೆಂಡರ್ ಕೊಡುವುದು ವಾಡಿಕೆ. ಆ ವರ್ಷ ಹೊಸದಾಗಿ ಬಂದ ಮ್ಯಾನೇಜರ್ ಕೆಂಪು ರಿಬ್ಬನ್ ಕಟ್ಟಿದ ಡಬ್ಬ ಕಳಿಸಿದ.

ಕೇಕು ಅವತ್ತೇ ಖಾಲಿಯಾಯಿತು. ಬಾಟಲಿಯನ್ನು ಇವರು ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಡುವೆ ಇಟ್ಟರು.

“ನೋಡೋಕೆ ಚೆನ್ನಾಗಿದೆ. ಇರ್ಲಿ ಬಿಡು.”

ನಾನು ಹೂಂ ಅಂದೆ. ಆಮೇಲೆ ಹಾಲ್ ಗುಡಿಸುವಾಗೆಲ್ಲ ಅದರ ಮುಚ್ಚಳ ನೋಡುವುದು ನನಗೆ ಅಭ್ಯಾಸವಾಯಿತು.

ಇವರು ಗೌರಿಹಬ್ಬದ ಆಸುಪಾಸಿನಿಂದ ಕುಡಿದಿರಲಿಲ್ಲ. ಒಂದು ಸಂಜೆ ಬಾರಿನಿಂದ ಬೇಗ ಬಂದವರು ಜಗಲಿಯ ಮೇಲೇ ಕುಸಿದು ಕುಳಿತಿದ್ದರು. ಮುಖ ಕೆಂಡದ ಹಾಗಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. “ಲಿವರ್ ಹೋಯ್ತು ಅನ್ಸುತ್ತೆ ಲಾವಣ್ಯ,” ಅಂದರು. ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಇನ್ನೊಂದು ಸಲ ಯಾರದೋ ಗೃಹಪ್ರವೇಶದಲ್ಲಿ ಒಂದು ಗುಟುಕು ಹಾಕಿ ನೋಡಿದರು, ಹಾಗೇ ಆಯಿತು. ಆಮೇಲೆ ಮುಟ್ಟಲಿಲ್ಲ. ನಾನು ಊರಮ್ಮನ ಗುಡಿಗೆ ಹೋಗಿ ಮಡಿಲು ತುಂಬಿ ಬಂದೆ. ನನ್ನ ಅತ್ತೆ ಅಂಜನಮ್ಮ ಮಾತ್ರ ಏನೂ ಆಶ್ಚರ್ಯಪಡಲಿಲ್ಲ. “ದೇವ್ರು ಕಣ್ಬುಟ್ಟ,” ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಆ ಬಾಟಲಿಯನ್ನು ಸಿಂಕಿಗೆ ಚೆಲ್ಲಬಹುದಿತ್ತು. ಹಿಂದೊಮ್ಮೆ ಹಾಗೆ ಚೆಲ್ಲಿ ನೋಡಿದ್ದೆ. ಅದರ ಗುರುತು ಇನ್ನೂ ನನ್ನ ಮೊಣಕೈಯಲ್ಲಿದೆ.

ಕ್ರಿಸ್‌ಮಸ್ಸಿಗೆ ಎರಡು ದಿನ ಇದ್ದಾಗ ಇವರು ಅಂದರು, “ರಜಾ ಅಲ್ವಾ, ಗಾಡಿಗಳೂ ನಿಂತಿರ್ತವೆ. ದೊಡ್ಡನೆಕ್ಕುಂದಿ ದಾಸಪ್ಪನ್ನ ಊಟಕ್ಕೆ ಕರೆದಿದೀನಿ. ಆ ಬಾಟ್ಲಿ ಓಪನ್ ಮಾಡೋಣ. ಅವನಿಗೆ.”

‘ಅವನಿಗೆ’ ಅನ್ನುವುದನ್ನು ಅವರು ಶೋಕೇಸಿನ ಕಡೆ ನೋಡಿಕೊಂಡು ಹೇಳಿದರು.

ದಾಸಪ್ಪಣ್ಣ ಇವರ ಸೋದರಮಾವನ ಮಗ. ಒಳ್ಳೆಯ ಮನುಷ್ಯ, ಆದರೆ ಕುಡಿಯದವರನ್ನು ಕೆಣಕದೆ ಬಿಡುವವರಲ್ಲ. ಅವರೆದುರು ಇವರು ನೀರು ಹಿಡಿದು ಕೂರುವುದಿಲ್ಲ ಅಂತ ನನಗೆ ಗೊತ್ತಿತ್ತು. ಭಾನುವಾರದ ಇಂಗ್ಲಿಷ್ ಪೇಪರಿನ ಪುರವಣಿ ನೆನಪಾಗಿ ಹುಡುಕಿ ತೆಗೆದೆ. ಮಸಾಲೆ ಹಾಕಿ ಕಾಯಿಸುವ ಕ್ರಿಸ್‌ಮಸ್ ವೈನು. ಚಕ್ಕೆ, ಲವಂಗ, ಚಕ್ರಮೊಗ್ಗು, ಕಿತ್ತಳೆ ಸಿಪ್ಪೆ, ಸಕ್ಕರೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು: ಯಾವ ಕಾರಣಕ್ಕೂ ಕುದಿಯಲು ಬಿಡಬೇಡಿ, ಕುದಿದರೆ ಅಮಲಿನ ಅಂಶ ಹಾರಿಹೋಗುತ್ತದೆ.

ನನಗೆ ಬೇಕಾಗಿದ್ದು ಆ ಒಂದು ಸಾಲೇ. ಚೆನ್ನಾಗಿ ಕುದಿಸಿಬಿಟ್ಟರೆ ಬಾಟಲಿಯೂ ಮನೆಯಿಂದ ಹೋಗುತ್ತದೆ, ಇವರ ಕೈಯಲ್ಲಿ ಒಂದು ಲೋಟವೂ ಇರುತ್ತದೆ, ಒಳಗೆ ಏನೂ ಇರುವುದಿಲ್ಲ.

ಕ್ರಿಸ್‌ಮಸ್ ಬೆಳಿಗ್ಗೆ ಮಸಾಲೆ ಜಜ್ಜಲು ಕುಟ್ಟಾಣಿ ತೆಗೆದರೆ ತಳದಲ್ಲಿ ಬಿಳಿ ಪುಡಿ ಅಂಟಿಕೊಂಡಿತ್ತು.

“ಅತ್ತೆ, ಇದೇನು?”

“ನನ್ನ ಕಾಲ್ನೋವಿನ ಮಾತ್ರೆ ಕಣಮ್ಮ. ನುಂಗಕಾಗಕಿಲ್ಲ ಅಂತ ಕುಟ್ಕೊಂತೀನಿ. ಕೊಡಿಲ್ಲಿ.” ಅವರೇ ಇಸಿದುಕೊಂಡು ತೊಳೆದು ಕೊಟ್ಟರು. ತಿರುಗಿ ಹೋಗಿ ಮಗನ ತಿಂಡಿತಟ್ಟೆಗೆ ಉಪ್ಪಿಟ್ಟು ಬಡಿಸಿದರು. ಮಗನಿಗೆ ಬಡಿಸುವುದು ಯಾವತ್ತೂ ಅವರೇ.

ಅವರು ಮಟನ್ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಬಾಟಲಿಯನ್ನು ಪಾತ್ರೆಗೆ ಸುರಿದೆ. ಸಕ್ಕರೆಯ ಬದಲು ಬೆಲ್ಲ ಹಾಕಿದೆ, ಘಾಟು ಮುಚ್ಚಲೆಂದು ಶುಂಠಿಯನ್ನೂ ಹಾಕಿದೆ. ಉರಿ ಜೋರು ಮಾಡಿದೆ. ಮೊದಮೊದಲು ಆವಿ ಮೂಗಿಗೆ ಚುಚ್ಚಿತು, ಕಣ್ಣಲ್ಲಿ ನೀರು ಬಂತು. ಅದು ಹೋಗುತ್ತಿದೆ ಅಂತ ನನಗೆ ಸಮಾಧಾನ. ಬಗ್ಗಿ ಬಗ್ಗಿ ಮೂಸುತ್ತಾ ನಿಂತೆ. ಕೊನೆಗೆ ಬರೀ ಚಕ್ಕೆ, ಕಿತ್ತಳೆಯ ವಾಸನೆ ಉಳಿದಾಗ ಒಲೆ ಆರಿಸಿದೆ. ಖಾಲಿ ಬಾಟಲಿಯನ್ನು ಕಸದ ಬಕೆಟ್ಟಿನ ತಳಕ್ಕೆ ಹಾಕಿದೆ.

ಮಧ್ಯಾಹ್ನ ದಾಸಪ್ಪಣ್ಣ ಬಂದರು. ಸ್ಟೀಲ್ ಲೋಟಗಳಲ್ಲಿ ಬಿಸಿಬಿಸಿಯಾಗಿ ಕೊಟ್ಟೆ. ಒಂದು ಗುಟುಕು ಕುಡಿದು ಅವರು ಮುಖ ಕಿವುಚಿದರು.

“ಇದೇನಮ್ಮ ತಂಗಿ, ನೆಗಡಿಗೆ ಕೊಡೋ ಕಷಾಯ ಇದ್ದಂಗದೆ? ವೈನು ಅಂತ ಆಸೆ ತೋರ್ಸಿ ಕರೆದ ನಿನ್ ಗಂಡ!”

“ಫಾರಿನ್‌ನಲ್ಲಿ ಹಿಂಗೇ ಕುಡಿಯೋದಂತೆ ಅಣ್ಣ.”

“ಅದುಕ್ಕೇ ಅವರೆಲ್ಲ ಇಲ್ಲಿಗೆ ಬಂದು ಕುಡೀತಾರೆ!”

ಇವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ನೋಡಿದರು. “ಇದರಲ್ಲಿ ಇದೆಯಾ?”

“ಎಲ್ಲ ಹಾರಿಹೋಗಿದೆ ರೀ. ಕುಡೀರಿ.”

ಕುಡಿದರು. ಇನ್ನೊಂದು ಲೋಟ ಕೇಳಿದರು, ಆಮೇಲೆ ಮತ್ತೊಂದು. ನಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹಾಗೆ ನಗುತ್ತಿದ್ದರು. ನಾನು ಕದಕ್ಕೆ ಒರಗಿ ನೋಡುತ್ತಾ ನಿಂತೆ.

ಮುದ್ದೆಯ ತಟ್ಟೆ ಹಿಡಿದು ಬಂದ ಅತ್ತೆ ಹೊಸಿಲಲ್ಲೇ ನಿಂತರು. ಅವರ ಕಣ್ಣು ಶೋಕೇಸಿನ ಮೇಲೆ ಹೋಯಿತು.

“ಅಲ್ಲಿದ್ದ ಬಾಟ್ಲೆಲ್ಲೋಯ್ತು? ಏನ್ಲಾ ಮುನಿರಾಜ ಕುಡೀತಿದೀಯ?”

“ಕಷಾಯ ಅಮ್ಮ. ನಿನ್ ಸೊಸೆ ಮಾಡಿದ್ದು.”

“ಕುಡೀಬ್ಯಾಡ, ಮಡುಗ್ಲಾ ಕೆಳಕ್ಕೆ!”

“ಇರ್ಲಿ ಬುಡತ್ತೆ,” ಅಂದರು ದಾಸಪ್ಪಣ್ಣ. “ಕಾಸಿ ಕಾಸಿ ಅದರ ಪ್ರಾಣ ತೆಗೆದವ್ಳೆ ನಮ್ ತಂಗಿ. ಏನೂ ಆಗಕಿಲ್ಲ.”

ಇವರ ಕಿವಿ ಕೆಂಪಾಗಿದ್ದನ್ನು ನಾನು ಆಗ ನೋಡಿದೆ. ಕೆಂಪು ಕತ್ತಿಗೆ ಇಳಿಯಿತು. ಅಂಗಿಯ ಗುಂಡಿ ಬಿಚ್ಚಲು ಹೋದರು. ಲೋಟ ಬಿದ್ದು ಸೋಫಾದ ಕೆಳಗೆ ಉರುಳಿತು. “ಎದೆ,” ಅಂದರು. ವಾಂತಿ ಮಾಡುತ್ತಲೇ ಪಕ್ಕಕ್ಕೆ ವಾಲಿದರು.

ದಾಸಪ್ಪಣ್ಣ ನಮ್ಮದೇ ಕ್ಯಾಬಿನಲ್ಲಿ ಆಸ್ಪತ್ರೆಗೆ ಓಡಿಸಿದರು. ಬಿಪಿ ಸಿಗುತ್ತಿಲ್ಲ ಅಂತ ನರ್ಸ್ ಕೂಗಿದ್ದು ಕೇಳಿಸಿತು. ಡಾಕ್ಟರು ಹೊರಗೆ ಬಂದು, “ಯಾವುದಾದರೂ ಮಾತ್ರೆ ತಗೊಳ್ತಾರಾ?” ಅಂತ ಕೇಳಿದರು.

“ಇಲ್ಲ ಸಾರ್, ಯಾವುದೂ ಇಲ್ಲ,” ಅಂದೆ. ಹಾಗೆ ಅನ್ನುವಾಗಲೇ ಬೆಂಚಿನ ಮೇಲಿದ್ದ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡದ್ದು ಕಂಡಿತು. ಕುಟ್ಟಾಣಿಯ ತಳ ಕಣ್ಣ ಮುಂದೆ ಬಂತು.

ಅವರ ಮುಂದೆ ಕುಕ್ಕರುಗಾಲಲ್ಲಿ ಕೂತೆ. “ಅತ್ತೆ, ಕುಟ್ಟಾಣೀಲಿ ಏನು ಕುಟ್ತಿದ್ರಿ?”

ಅವರು ಬಾಯಿಂದ ಸೆರಗು ತೆಗೆದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. “ಕುಡ್ತ ಬುಡ್ಸೋ ಮಾತ್ರೆ. ಪಕ್ಕದ್ಮನೆ ಗೌರಮ್ಮ ತಂದ್ಕೊಟ್ಲು ಕಣೇ. ಅವಳ ಗಂಡ ಇದ್ರಿಂದ್ಲೇ ಬುಟ್ಟಿದ್ದು. ಗೊತ್ತಾಗ್ದಂಗೆ ಆಕ್ಬೇಕು ಅಂದ್ಲು. ಡಾಕ್ಟ್ರಿಗೆ ಯೋಳ್ಬ್ಯಾಡ. ಅವನಿಗೆ ತಿಳುದ್ರೆ ನನ್ ಕೈಲಿ ಊಟ ಮಾಡಕಿಲ್ಲ.”

ನಾನು ಕೈ ಬಿಡಿಸಿಕೊಂಡು ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬೈದರು. ಆ ಮಾತ್ರೆ ಮೈಯಲ್ಲಿರುವಾಗ ಸ್ವಲ್ಪ ಮದ್ಯ ಹೋದರೂ ಜೀವಕ್ಕೆ ಅಪಾಯ, ಎಷ್ಟೇ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ಮೂರು ಲೋಟ ಬೇರೆ ಕೊಟ್ಟಿದ್ದೀರಿ ಅಂದರು. ಕಾಲೇಜು ಓದಿದವಳು ನಾನು, ತಲೆ ತಗ್ಗಿಸಿ ಕೇಳಿಸಿಕೊಂಡೆ.

ಇವರು ಬದುಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ಇವರಿಗೇ ನೇರವಾಗಿ ಹೇಳಿದರು, “ಲಿವರ್ ಚೆನ್ನಾಗಿದೆ. ಊಟದಲ್ಲಿ ಮಾತ್ರೆ ಬೆರೆಸಿದ್ರಿಂದ ಹೀಗಾಯ್ತು.”

ದಾರಿಯುದ್ದಕ್ಕೂ ಇವರು ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದರು, “ಯಾವಾಗಿಂದ ಹಾಕ್ತಿದ್ದೆ?”

“ನಾನಲ್ಲ ರೀ. ಅತ್ತೆ.”

“ಕುಡೀರಿ ಅಂತ ಕೊಟ್ಟೋಳು ನೀನು. ಈಗ ಹೆತ್ತೋಳ ಮೇಲೆ ಹಾಕ್ತೀಯಾ?”

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಅವರನ್ನೇ ನೋಡಿದೆ. ಅವರು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು, ಇನ್ನೊಂದು ಹುಡುಕಿದರು.

ಅಂದಿನಿಂದ ಇವರು ನಾನು ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ಕಾಫಿ, ತಿಂಡಿ, ಊಟ ಎಲ್ಲ ಅಮ್ಮನ ಕೈಯಿಂದಲೇ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದವಳಿಗೆ ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು. ಮೆಲ್ಲಗೆ, ಬಟ್ಟೆ ಸುತ್ತಿ ಕುಟ್ಟಿದ ಹಾಗೆ. ಓಡಿ ಹೋದೆ.

“ಅತ್ತೆ! ಸಾಯ್ತಾರೆ ಅವರು!”

“ಕುಡುದ್ರೆ ತಾನೇ? ಎದ್ರುಕೊಂಡವ್ನೆ. ಕುಡಿಯಾಕಿಲ್ಲ.” ಮಗನ ಸಾರಿಗೆ ಬೆರಳಲ್ಲಿ ಚಿಮುಕಿಸಿದರು. “ನಿನ್ ಮೈಮ್ಯಾಲೆ ಕೈ ಬಿದ್ದು ಎಷ್ಟು ತಿಂಗ್ಳಾಯ್ತು, ಲೆಕ್ಕ ಆಕು.”

ಇವರಿಗೆ ಹೇಳಿದೆ. ಇನ್ನೊಂದು ಸಲ ಅಮ್ಮನ ಹೆಸರು ಎತ್ತಿದರೆ ತವರಿಗೆ ಬಿಟ್ಟುಬರುತ್ತೇನೆ ಅಂದರು.

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡಿಲ್ಲದ ಮನೆಯಿಲ್ಲ, ಗಂಡಸರ ಕೈಯಲ್ಲಿ ಲೋಟವಿಲ್ಲದ ಜಗಲಿಯಿಲ್ಲ. ಬೆಳಿಗ್ಗೆ ಅಮ್ಮ ಬಡಿಸಿದ ಇಡ್ಲಿ ತಿಂದು ಇವರು ಕನ್ನಡಿ ಮುಂದೆ ತಲೆ ಬಾಚಿಕೊಂಡರು.

“ದಾಸಪ್ಪನ ಮನೇಲಿ ಊಟ.”

“ಅಲ್ಲಿ ಕುಡೀಬೇಡಿ ರೀ. ನಿಮ್ಮ ಕಾಲು ಹಿಡೀತೀನಿ.”

“ಯಾಕೆ? ಲಿವರ್ ಚೆನ್ನಾಗಿದೆ ಅಂತ ಡಾಕ್ಟ್ರೇ ಹೇಳವ್ರೆ. ನಿನ್ ಪುಡಿ ಈಗ ನನ್ ಹೊಟ್ಟೇಲಿಲ್ಲ.”

ಅಡುಗೆಮನೆಗೆ ಹೋಗಿ ಕುಟ್ಟಾಣಿ ತಂದು ಅವರ ಮುಂದೆ ಹಿಡಿದೆ. ತಳದಲ್ಲಿ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. “ಇವತ್ತು ಬೆಳಿಗ್ಗೇದು. ಅತ್ತೆ, ಹೇಳಿ. ಇವತ್ತಾದರೂ ಹೇಳಿ.”

ಅತ್ತೆ ಮಗನ ಮುಖ ನೋಡಿದರು.

“ಕಾಲ್ನೋವಿನ ಮಾತ್ರೆ ಕಣಪ್ಪ,” ಅಂದರು.

ಇವರು ನನ್ನನ್ನು ಪಕ್ಕಕ್ಕೆ ತಳ್ಳಿ ಬೈಕ್ ಹತ್ತಿದರು. ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಸಾಯಾಕಿಲ್ಲ ಬುಡು,” ಅಂದರು, ನನಗೋ ತಮಗೋ ತಿಳಿಯಲಿಲ್ಲ. “ಓದ್ಸಲ ಸಾಯ್ಲಿಲ್ವಲ್ಲ.”

ನಾನು ದಾಸಪ್ಪಣ್ಣನಿಗೆ ಫೋನ್ ಮಾಡಿದೆ. ಆ ಕಡೆ ಗಲಾಟೆ, ನಗು, ಯಾರೋ ಪಾತ್ರೆ ಎಳೆದ ಸದ್ದು.

“ಅಣ್ಣ, ಅವರಿಗೆ ಒಂದು ತೊಟ್ಟೂ ಕೊಡಬೇಡಿ. ಅತ್ತೆ ಇನ್ನೂ ಆ ಮಾತ್ರೆ ಹಾಕ್ತಿದಾರೆ. ಕೇಳಿಸ್ತಾ ಅಣ್ಣ?”

“ಏನಮ್ಮ? ಜೋರಾಗಿ ಯೋಳು!”

“ಅವರಿಗೆ ಕುಡಿಯೋಕೆ ಕೊಡಬೇಡಿ!”

“ಓಹೋ, ಅಷ್ಟೇನಾ!” ಅಂತ ದಾಸಪ್ಪಣ್ಣ ಜೋರಾಗಿ ನಕ್ಕರು. “ಎದ್ರುಕೋಬ್ಯಾಡ ತಂಗಿ, ಅವನ ಲಿವರ್ ಚೆನ್ನಾಗದಂತೆ. ನಿನ್ ತರಾನೇ ಕಾಸಿ ಕೊಡ್ತೀನಿ.”

ಫೋನ್ ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಹಿತ್ತಲಿನಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಅತ್ತೆ ಕುಟ್ಟಾಣಿ ತೊಳೆಯುತ್ತಿದ್ದರು. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಓಡಿದೆ. ಹಬ್ಬದ ದಿನ, ಒಂದು ಆಟೋವೂ ಇರಲಿಲ್ಲ.