ಪಟೇಲರ ಮನೆಯ ಕೋವಿ

ರಾಜ್ಯಗಳ ಗಡಿಯನ್ನೆಲ್ಲ ಹೊಸದಾಗಿ ಗೀಚಿ ಮುಗಿಸಿದ್ದರು. ಈಗ ಕೋವಿ ಕಾನೂನೂ ದೇಶಕ್ಕೆಲ್ಲ ಒಂದೇ ಆಗಬೇಕಂತೆ. ಅದಕ್ಕೇ ಮೂರು ರಾಜ್ಯದ ಮೂವರು ಸಾಹೇಬರು ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ಸಾರಕ್ಕಿ ಪಟೇಲ ತಿಮ್ಮರಾಯಪ್ಪನ ಮನೆಗೆ, ಅವನ ಅಪ್ಪನ ಕಾಲದ ಕೋವಿ ನೋಡಲು ಬಂದಿಳಿದಿದ್ದರು. ಮದ್ದು ತುಂಬಿ ಹೊಡೆಯುವ ನಾಡಕೋವಿ ಒಬ್ಬರ ರಾಜ್ಯದಲ್ಲಿ ಆಯುಧವಂತೆ, ಇನ್ನೊಬ್ಬರಲ್ಲಿ ಬೇಸಾಯದ ಸಾಮಾನಂತೆ, ಮೂರನೆಯವರು ಇನ್ನೂ ಯೋಚಿಸುತ್ತಿದ್ದಾರಂತೆ. ಅಂಥದ್ದೊಂದು ಕೋವಿಯನ್ನು ಕಣ್ಣಾರೆ ಕಂಡವರು ಮಾತ್ರ ಮೂವರಲ್ಲಿ ಒಬ್ಬರೂ ಇರಲಿಲ್ಲ.

ಪಟೇಲನ ಹೆಂಡತಿ ಗೌರಮ್ಮ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ‘ಥೂ, ಇವಕ್ಕೆ ಸಂಬಳ ಬೇರೆ ಕೇಡು!’

ತಿಮ್ಮರಾಯಪ್ಪ ಮೀಸೆ ತಿರುವುತ್ತಾ ಅಟ್ಟದಿಂದ ಕೆಂಪು ಬಟ್ಟೆಯ ಗಂಟು ಇಳಿಸಿದ. ಆಯುಧಪೂಜೆಗೆ ಅದನ್ನು ಬಿಚ್ಚದೆಯೇ ಕುಂಕುಮ ಹಚ್ಚಿ ಕೈಮುಗಿಯುವುದು ಮನೆಯ ವಾಡಿಕೆ. ಈಗ ಬಿಚ್ಚಿದರೆ ಬರೀ ಮರದ ಹಿಡಿ. ನಳಿಕೆಯೇ ಇಲ್ಲ.

ಸಾಹೇಬರಿಗೆ ಹಬ್ಬವೋ ಹಬ್ಬ. ನಳಿಕೆಯಿಲ್ಲದ್ದನ್ನು ಕೋವಿ ಅನ್ನಬಹುದೋ ಬಾರದೋ ಅಂತ ಹೊಸ ಜಗಳ ಹಚ್ಚಿಕೊಂಡರು.

ಗೌರಮ್ಮ ಊದುಗೊಳವೆ ಎತ್ತಿ ಒಲೆ ಊದಿದಳು. ಮಾವನ ಕೋವಿಯಿಂದ ನಳಿಕೆ ಕಳಚಿ ಅತ್ತೆ ಮಾಡಿಕೊಂಡಿದ್ದ ಊದುಗೊಳವೆ ಅದು. ಈ ಮನೆಯ ಗಂಡಸರು ಅಡುಗೆಮನೆಗೆ ಕಾಲಿಟ್ಟಿದ್ದರೆ ತಾನೆ ಗೊತ್ತಾಗುವುದು?

ಸಾಹೇಬನೊಬ್ಬ ಬಾಗಿಲಿಗೆ ಬಂದ. “ಅಮ್ಮಾ, ಕೋವಿಯ ನಳಿಕೆ ಎಲ್ಲಾದ್ರೂ ನೋಡಿದ್ದೀರಾ?”

ಗೌರಮ್ಮ ಊದುಗೊಳವೆಯನ್ನು ಅವನ ಮೂಗಿನ ನೇರಕ್ಕೇ ಹಿಡಿದಳು. “ಹೊಗೆ ಸ್ವಾಮಿ, ಆಚೆ ಕೂತ್ಕೊಳಿ. ಕಾಫಿ ತರ್ತೀನಿ.”

ಅವನು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋಗಿ, “ಒಳಗೆ ಎಲ್ಲ ನೋಡಿದೆ, ಏನೂ ಇಲ್ಲ” ಅಂದ.

ಮೂರು ರಾಜ್ಯಗಳೂ ಮೊದಲ ಸಲ ಒಮ್ಮತಕ್ಕೆ ಬಂದವು.