ರದ್ದಿ ಕಟ್ಟಿನೊಳಗಿನ ಡ್ರಿಲ್

ಡ್ರಿಲ್ ಯಾರದೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಅರ್ಧ ಕರಗಿದ ಹಿಡಿಯ ಮೇಲೆ ಮೊಳೆಯಿಂದ ಗೀರಿದ ಮೀನಿನ ಗುರುತು ಉಳಿದಿತ್ತು. ಅಕ್ಕನ ಗಂಡ, ಬಡಗಿ ಕೆಲಸದ ಭಾವ, ತನ್ನ ಸಾಮಾನನ್ನು ಯಾರೂ ಎಗರಿಸದಿರಲಿ ಎಂದು ಎಲ್ಲದರ ಮೇಲೂ ಗೀರಿಕೊಳ್ಳುವ ಮೀನು.

ಬೆಳಿಗ್ಗೆ ಕಸ ವಿಂಗಡಿಸುವ ಶೆಡ್ಡಿನಲ್ಲಿ ರಟ್ಟಿನ ಕಟ್ಟೊಂದು ಬುಸ್ಸೆಂದು ಹೊಗೆ ಕಾರಿದಾಗ, ಬೆಂಕಿ ಹರಡದಂತೆ ಅದನ್ನು ಬರಿಗೈಯಲ್ಲಿ ಆಚೆಗೆಳೆದವಳು ದೊಡ್ಡಮ್ಮ. ಅಲ್ಲಿ ಯಾರಿಗೂ ಸಂಬಂಧಿಯಲ್ಲ; ಹದಿನೆಂಟು ವರ್ಷ ಕಸ ವಿಂಗಡಿಸುವ ಅದೇ ಕಟ್ಟೆಯ ಮುಂದೆ ನಿಂತು ಎಲ್ಲರಿಗೂ ದೊಡ್ಡಮ್ಮನಾದವಳು. ಬಲಗೈ ಮೊಣಕೈವರೆಗೂ ಸುಟ್ಟಿತು. ಆ ಕಟ್ಟಿನೊಳಗಿಂದ ಹೊರಬಿದ್ದದ್ದು ಈ ಡ್ರಿಲ್. ಪಟ್ಟಿ ಕಟ್ಟಿಸಿಕೊಂಡು ಬಂದವಳ ಮುಂದೆ ಮೇಲ್ವಿಚಾರಕ ಒಂದು ಹಾಳೆ ಇಟ್ಟ. ಕೊಕ್ಕೆಯಿಂದ ಬ್ಯಾಟರಿ ಚುಚ್ಚಿದ್ದೇ ಬೆಂಕಿಗೆ ಕಾರಣ, ತಪ್ಪು ಕೆಲಸದವಳದೇ ಎಂದು ಅದರಲ್ಲಿತ್ತು. ಸಹಿ ಮಾಡಲಾಗದಿದ್ದರೆ ಎಡಗೈ ಹೆಬ್ಬೆಟ್ಟಾದರೂ ಸಾಕು, ಸಂಜೆಯೊಳಗೆ ಬೀಳಲಿ ಎಂದ. ಬೀಳದಿದ್ದರೆ ನಾಳೆಯಿಂದ ಗೇಟಿನೊಳಗೆ ಬಿಡುವುದಿಲ್ಲ. ಬಿದ್ದರೆ ತಪ್ಪೊಪ್ಪಿಕೊಂಡವಳೆಂದು ತಿಂಗಳ ಕೊನೆಗೆ ಮನೆಗೆ. ಎತ್ತ ತಿರುಗಿದರೂ ದೊಡ್ಡಮ್ಮನ ಅನ್ನಕ್ಕೇ ಕಲ್ಲು.

ದೊಡ್ಡಮ್ಮನ ಪಕ್ಕದಲ್ಲೇ ಕಸ ವಿಂಗಡಿಸುವ ಅವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಸುಟ್ಟ ಬ್ಯಾಟರಿಯನ್ನು ಮರಳಿನ ಬಕೆಟ್ಟಿನಲ್ಲೇ ಬಿಟ್ಟು, ತಣ್ಣಗಾದ ಹಿಡಿಯನ್ನು ಚೀಲಕ್ಕೆ ತುರುಕಿಕೊಂಡು, ಊಟದ ಬಿಡುವಿನಲ್ಲಿ ಅಕ್ಕನ ಮನೆಗೆ ಅಂಟಿಕೊಂಡಿದ್ದ ಭಾವನ ಅಂಗಡಿಗೆ ನಡೆದಳು.

ಭಾವ ಬಾಗಿಲೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ನಾದಿನಿಯ ಮುಖ ನೋಡಿ, ಇವತ್ತು ಯಾರ ಗ್ರಹಚಾರ ಕೆಟ್ಟಿದೆ ಎಂದು ನಕ್ಕ. ಅವಳು ಹಿಡಿಯನ್ನು ಬಾಗಿಲಿನ ಮೇಲೆ ಇಟ್ಟಳು. ನಗು ಅಲ್ಲಿಗೇ ನಿಂತಿತು.

"ನಂದೇ. ಬ್ಯಾಟರಿ ಸತ್ತೋಗಿತ್ತು, ರದ್ದಿ ಜೊತೆ ಕಟ್ಟಿ ಹಾಕ್ದೆ."

"ಸತ್ತಿದೀನಿ ಅಂತ ಅದೇ ಬಂದು ಹೇಳ್ತಾ ಭಾವ? ತೂತು ಕೊರೆಯೋಕಾಗದ ಬ್ಯಾಟರಿಗೆ ಮನುಷ್ಯರನ್ನ ಸುಡೋಕೆ ಬೇಕಾದಷ್ಟು ಜೀವ ಇರುತ್ತೆ."

ದೊಡ್ಡಮ್ಮನ ಕೈಯ ಸಂಗತಿ ಕೇಳಿ ಭಾವ ಉಜ್ಜುಗೊರಡನ್ನು ಕೆಳಗಿಟ್ಟ. ಆದರೂ ಸಮರ್ಥನೆ ಬಿಡಲಿಲ್ಲ. ತಾನು ಸುಮ್ಮನೆ ಎಸೆದವನಲ್ಲ, ಅವಳು ಹೇಳಿದಂತೆ ಟೇಪ್ ಸುತ್ತಿಯೇ ಹಾಕಿದವನು ಎಂದ. ಹೇಗೆ ಸುತ್ತಿದಿರಿ ಎಂದಳು. ಅವನು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ: ಬ್ಯಾಟರಿ ಬಿಚ್ಚದೆ, ಮೇಲಿನಿಂದ ಕೆಳಗಿನವರೆಗೆ, ಬಿಗಿಯಾಗಿ, ಅರ್ಧ ಸುರುಳಿ ಖರ್ಚಾಗುವ ಹಾಗೆ.

"ಸ್ವಿಚ್ಚಿನ ಮೇಲೂ?"

"ಒಂದಿಂಚೂ ಬಿಟ್ಟಿಲ್ಲ," ಎಂದ, ಒಳ್ಳೆ ಕೆಲಸಗಾರನ ಹೆಮ್ಮೆಯಿಂದ.

ಅವಳು ತಲೆ ಚಚ್ಚಿಕೊಂಡಳು. ಟೇಪಿನಡಿ ಸ್ವಿಚ್ಚು ಒತ್ತಿಕೊಂಡೇ ಇತ್ತು. ಲಾರಿಯ ಕುಲುಕಾಟಕ್ಕೆ ಬ್ಯಾಟರಿಗೆ ಮತ್ತೆ ಸಂಪರ್ಕ ಸಿಕ್ಕಿ, ರಟ್ಟಿನ ಮಧ್ಯೆ ಸಿಕ್ಕಿಬಿದ್ದ ಡ್ರಿಲ್ ತಿರುಗಲಾರದೆ ಕಾದು ಕೆಂಡವಾಗಿರಬೇಕು. ಬ್ಯಾಟರಿಯನ್ನು ಮೊದಲು ಬಿಚ್ಚಬೇಕು, ಅದರ ಲೋಹದ ತುದಿಗಳಿಗಷ್ಟೇ ಟೇಪ್ ಅಂಟಿಸಬೇಕು, ರದ್ದಿಗೆ ಸೇರಿಸದೆ ಕೈಯಾರೆ ತಂದುಕೊಡಬೇಕು. ಇದರಲ್ಲಿ ಒಂದನ್ನೂ ಅವಳು ಹೇಳಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಹಳೆ ಬ್ಯಾಟರಿಗೆ ಟೇಪ್ ಸುತ್ತಿ ಎಂದಷ್ಟೇ ಹೇಳಿ ಓಡಿದ್ದಳು. ಶೆಡ್ಡಿನ ಗೇಟಿನ ಬೋರ್ಡಿನಲ್ಲೂ ಅಷ್ಟೇ ಇತ್ತು. ಪೂರ್ತಿ ಬರೆಸಿ, ಬ್ಯಾಟರಿಗೆಂದು ಬೇರೆ ಡ್ರಮ್ ಇಡಿಸಿ ಎಂದು ಮೂರು ಸಲ ಕೇಳಿದ್ದಕ್ಕೆ, ಅಷ್ಟುದ್ದ ಓದುವವರು ಯಾರಮ್ಮ ಎಂದಿದ್ದ ಮೇಲ್ವಿಚಾರಕ.

ಅವಳ ಸಿಟ್ಟು ಈಗ ತನ್ನತ್ತಲೂ ತಿರುಗಿತು, ಬೋರ್ಡಿನತ್ತಲೂ ತಿರುಗಿತು; ಇಳಿಯಲಂತೂ ಇಲ್ಲ. ಬಂದು ಇದನ್ನೆಲ್ಲ ಹೇಳಿ ಎಂದಳು. ಭಾವ ಮೀನಮೇಷ ಎಣಿಸಿದ. ಬೆಂಕಿ ಹಚ್ಚಿದ ಬಡಗಿ ಎಂದು ಹೆಸರು ಬಂದರೆ ನಾಳೆ ಯಾರು ಬಾಗಿಲು ಮಾಡಿಸುತ್ತಾರೆ ಎಂದ.

"ದೊಡ್ಡಮ್ಮನ ಕೈ ನೋಡಿ. ಆಮೇಲೆ ಬಾಗಿಲಿನ ಮಾತಾಡಿ."

ಅಕ್ಕ ತಂದ ನೀರನ್ನೂ ಮುಟ್ಟದೆ, ಹಿಡಿಯನ್ನು ಎತ್ತಿಕೊಂಡು ಹೊರಟಳು.

ಶೆಡ್ಡಿನಲ್ಲಿ ಮೇಲ್ವಿಚಾರಕ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಡಿಯನ್ನು ಪೆನ್ನಿನ ತುದಿಯಿಂದ ತಳ್ಳಿ, ಇವತ್ತು ಮೀನು ಗೀರಿಕೊಂಡು ಬಂದಿದ್ದೀಯ, ನಾಳೆ ಆನೆ ಗೀರಿಕೊಂಡು ಬರುತ್ತೀಯ ಎಂದ. ಬೆಂಚಿನ ಮೇಲೆ ದೊಡ್ಡಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಹೋಗಲಿ ಬಿಡು ಮಗಳೇ, ಒತ್ತಿಬಿಡುತ್ತೇನೆ ಎಂದಳು. ಒತ್ತಿದರೆ ನಿನ್ನ ಜೊತೆ ಮಾತು ಬಿಟ್ಟೆ ಎಂದು ಅವಳು ದೊಡ್ಡಮ್ಮನ ಮೇಲೂ ಹರಿಹಾಯ್ದಳು.

ಆಗ ಭಾವ ಬಂದ, ತಲೆತುಂಬಾ ಮರದ ಹೊಟ್ಟು ಹೊತ್ತುಕೊಂಡು. ಮೊದಲು ದೊಡ್ಡಮ್ಮನ ಕೈ ನೋಡಿದ. ಆಮೇಲೆ ಮೇಜಿನತ್ತ ತಿರುಗಿದ.

"ಡ್ರಿಲ್ ನಂದು. ನಿಮ್ಮ ಬೋರ್ಡಲ್ಲಿ ಇದ್ದ ಹಾಗೇ ಟೇಪ್ ಸುತ್ತಿದೀನಿ. ಬರ್ಕೊಳ್ಳಿ."

"ಬೋರ್ಡಿನ ಮಾತು ಯಾಕೆ ಬರೀಬೇಕು?"

"ಅದನ್ನೇ ಮೊದಲು ಬರೀರಿ," ಎಂದಳು ಅವಳು. "ಇಲ್ಲಾಂದ್ರೆ ಮೇಲಿನ ಆಫೀಸಲ್ಲಿ ನಾವಿಬ್ರೂ ಹೋಗಿ ಬರೆಸ್ತೀವಿ."

ಮೇಲ್ವಿಚಾರಕ ಒಬ್ಬೊಬ್ಬರ ಮುಖ ನೋಡಿದ. ಹಳೆಯ ಹಾಳೆ ಹರಿದು, ಹಲ್ಲು ಕಚ್ಚಿಕೊಂಡು, ಬೋರ್ಡಿನ ಮಾತನ್ನೂ ಸೇರಿಸಿ, ದೊಡ್ಡಮ್ಮನ ತಪ್ಪಿಲ್ಲವೆಂದು ಹೊಸದು ಬರೆದ. ಅವಳು ಅದನ್ನು ದೊಡ್ಡಮ್ಮನಿಗೆ ಎರಡು ಸಲ ಓದಿ ಹೇಳಿದಳು.

ಹೊರಗೆ ಬಂದ ಮೇಲೆ ಭಾವ ಮೆಲ್ಲಗೆ, ಈಗಲಾದರೂ ಸಿಟ್ಟು ಇಳಿಯಿತೇ ಎಂದು ಕೇಳಿದ.

"ಅಂಗಡೀಲಿ ಇನ್ನೆಷ್ಟು ಹಳೆ ಬ್ಯಾಟರಿ ಇದೆ?"

"ನಾಲ್ಕು."

"ಮುಟ್ಬೇಡಿ. ನಾನೇ ಬರ್ತೀನಿ."