ಅಳಿಯನ ಮನೆಯ ಟೀ

"ಅಕ್ಕ, ಒಲೆ ಆರಿಸು. ಯಾರೂ ಕುಡಿಯಲ್ಲ," ಎಂದ ತಮ್ಮ, ಅಡುಗೆಮನೆಯ ಬಾಗಿಲಿಗೆ ಒರಗಿ.

ಅವಳು ಕೇಳಿಸದವಳ ಹಾಗೆ ಇನ್ನೊಂದು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದಳು. ಹೊರಗಿನ ಕೋಣೆಯಲ್ಲಿ ಗಂಡನನ್ನು ಮಲಗಿಸಿದ್ದರು. ನಿನ್ನೆ ಸಂಜೆ ಟಿವಿ ನೋಡುತ್ತ ಕೂತಿದ್ದವನು ಕೂತಲ್ಲೇ ಹೋಗಿಬಿಟ್ಟಿದ್ದ. ಬೆಳಿಗ್ಗೆಯಿಂದ ಜನ ಬರುತ್ತಲೇ ಇದ್ದರು. ಹೊರಗೆ ಮೈಕೊರೆಯುವ ಚಳಿ.

"ಕ್ಯಾಂಟೀನಿಗೆ ಹೇಳ್ತೀನಿ, ತಂದುಕೊಡ್ತಾರೆ. ಅದಾದ್ರೆ ಜನ ಮುಟ್ತಾರೆ."

"ಇವತ್ತು ಈ ಮನೆ ಟೀನೇ ಕುಡೀಬೇಕು. ನಾಳೆಯಿಂದ ಇಲ್ಲಿಗೆ ಯಾರು ಬರ್ತಾರೆ? ಅವರು ಮನೆಯಲ್ಲಿರೋವಾಗ್ಲೇ ಒಂದ್ಸಲ ನಾಲ್ಕು ಜನ ಕುಡಿದಿದ್ದು ನೋಡ್ಬೇಕು ನಾನು."

"ನಿನ್ನ ಹಟ ನಿನಗೆ."

"ಮೊದಲ ಲೋಟ ನೀನೇ ತಗೋ."

"ನನಗೆ ಅಸಿಡಿಟಿ," ಎಂದವನೇ ತಮ್ಮ ಮಾಯವಾದ.

*

ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ವಿಚಾರಿಸುವುದರಲ್ಲೇ ಅವನ ದಿನ ಕಳೆಯುತ್ತಿತ್ತು. ಒಮ್ಮೆ ಟಿವಿಯ ಪತ್ತೇದಾರಿ ಧಾರಾವಾಹಿಯ ನಿರ್ದೇಶಕ ಕನ್ನಡಕ ಮಾಡಿಸಲು ಬಂದ. ಹೊಸ ಗಾಜಿನಲ್ಲಿ ಅವನಿಗೆ ಮೊದಲು ಕಂಡದ್ದೇ ಇವನ ಮುಖ.

"ಇಂಥ ಸಾಧು ಮುಖಾನೇ ಹುಡುಕ್ತಿದ್ದೆ. ಅತ್ತೆಗೆ ವಿಷ ಹಾಕೋ ಅಳಿಯ. ಒಂದೇ ಕಂತು. ಮಾಡ್ತೀರಾ?"

ಮಾತೂ ಒಂದೇ ಇತ್ತು: "ಆರೋ ಮುಂಚೆ ಕುಡೀರಿ ಅತ್ತೆ." ಅಷ್ಟು ಹೇಳಿ, ಟೀ ಕೊಟ್ಟು, ಪ್ರೀತಿಯಿಂದ ನಗಬೇಕು. ಅಷ್ಟಕ್ಕೇ ಮನೆಯಲ್ಲಿ ವಾರವಿಡೀ ಅಭ್ಯಾಸ ನಡೆಯಿತು. ಅತ್ತೆಯ ಜಾಗದಲ್ಲಿ ಹೆಂಡತಿಯನ್ನು ಕೂರಿಸಿದ. ಟೀ ಕುಡಿದೂ ಕುಡಿದೂ ಅವಳ ನಿದ್ದೆಯೇ ಹಾರಿಹೋಯಿತು. ಚಿತ್ರೀಕರಣದ ದಿನ, ಅಲ್ಲಿಯದು ಬಾಯಿಗಿಡಲು ಯೋಗ್ಯವಾಗಿರುತ್ತದೋ ಇಲ್ಲವೋ ಎಂದು ಅವನಿಗೆ ಕುಡಿಯಲು ಫ್ಲಾಸ್ಕ್ ತುಂಬ ಟೀ ಕಳಿಸಿದಳು. ಸಂಜೆ ಫ್ಲಾಸ್ಕ್ ಬರಿದಾಗಿ ಬಂತು.

ಕಂತು ಬಂದ ದಿನ ಬೀದಿಗೆ ಬೀದಿಯೇ ಟಿವಿಯ ಮುಂದೆ ಕೂತಿತ್ತು. ಅವನು ಅದೆಷ್ಟು ಅಕ್ಕರೆಯಿಂದ ನಕ್ಕನೆಂದರೆ ಹೆಂಡತಿಯೇ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

ಮರುದಿನ ಎದುರುಮನೆಯ ಟೀಚರ್ ಪೇಪರ್ ಓದಲು ಬಂದರು. ಇವನು ಎಂದಿನಂತೆ ಟೀ ತಂದಿಟ್ಟು, "ಆರೋ ಮುಂಚೆ ಕುಡೀರಿ ಟೀಚರ್," ಎಂದ. ಟೀಚರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ತಟ್ಟನೆ ನೆನಪಾಗಿ ಎದ್ದು ಹೋದರು. ಆಮೇಲೆ ಟೀ ಕೊಟ್ಟಾಗಲೆಲ್ಲ ಅವರ ಹಾಲು ಉಕ್ಕತೊಡಗಿತು. ಅವಳ ಹೆತ್ತ ತಾಯಿಯೇ ಮಗಳ ಮನೆಗೆ ಬರುವಾಗ ನೀರಿನ ಬಾಟಲಿ ಹಿಡಿದು ಬರುತ್ತಿದ್ದರು. ಬೀದಿಯ ಬಾಯಲ್ಲಿ ಅವನ ಹೆಸರು ಅಳಿಸಿಹೋಗಿ 'ಅಳಿಯ' ಉಳಿಯಿತು.

ಅವನಿಗೋ ಹಿಗ್ಗೇ ಹಿಗ್ಗು. "ಜನ ನಂಬಿಬಿಟ್ಟಿದ್ದಾರೆ ಕಣೇ. ಇದಕ್ಕಿಂತ ಪ್ರಶಸ್ತಿ ಬೇಕಾ?"

"ಪ್ರಶಸ್ತಿ ನಿಮ್ಮದು. ಬಚ್ಚಲಿಗೆ ಚೆಲ್ಲೋ ಟೀ ನನ್ನದು."

ಮುಂದೆಯೂ ನಿರ್ದೇಶಕರು ಕರೆದರು. ಒಬ್ಬ ಹಾಲಿಗೆ ವಿಷ ಹಾಕಲು ಕರೆದ, ಇನ್ನೊಬ್ಬ ಕೆಮ್ಮಿನ ಔಷಧಿಗೆ. "ವಿಷ ಬಿಟ್ಟು ಬೇರೇನಾದ್ರೂ ಇದ್ರೆ ಹೇಳಿ," ಎಂದು ಇವನು ಕಾದ. ಬೇರೇನೂ ಬರಲಿಲ್ಲ. ನಗುನಗುತ್ತಲೇ ಕನ್ನಡಕಗಳಿಗೆ ಮರಳಿದ. ಅವಳು ಮಾತ್ರ ನಗಲಿಲ್ಲ. ಟೀ ಮಾಡುವುದರಲ್ಲಿ ತನ್ನ ಕೈಗುಣ ಯಾರಿಗೂ ಇಲ್ಲವೆಂದು ಅವಳಿಗೆ ಜಂಬವಿತ್ತು. ತನ್ನದಲ್ಲದ ತಪ್ಪಿಗೆ ಅದು ಹಾಳಾಯಿತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು.

*

ಹೊರಗೆ ಗುಜುಗುಜು ಶುರುವಾಯಿತು. ಆ ಧಾರಾವಾಹಿಯ ಪತ್ತೇದಾರನ ಪಾತ್ರಧಾರಿ ಬಂದಿದ್ದರು. ಧಾರಾವಾಹಿ ನಿಂತ ಮೇಲೆ ಅವರಿಗೆ ದಕ್ಕಿದ್ದು ಬೀಗದ ಜಾಹೀರಾತೊಂದೇ. ಮಂಡಿ ನೋವು, ಕೈಯಲ್ಲಿ ಕೋಲು. ಆದರೂ ಅವರನ್ನು ಕಂಡದ್ದೇ ಜನ ಎರಡು ಪಾಲಾಗಿ ದಾರಿ ಬಿಟ್ಟರು.

"ನೀವು ಬಂದಿದ್ದು ಒಳ್ಳೇದಾಯ್ತು ಸಾರ್," ಎಂದರು ಟೀಚರ್, ದನಿ ತಗ್ಗಿಸಿ. "ಒಂದ್ಸಲ ನೋಡಿಬಿಡಿ."

ಹೂವಿಡಲು ಬಂದಿದ್ದ ಪತ್ತೇದಾರರು ಹೂವಿಟ್ಟರು. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ, ಇನ್ನು ವರ್ಷಗಟ್ಟಲೆ ಸಂಬಳ ಕೊಟ್ಟು ಕಲಿಸಿದ ಗುಣ ಹೋಗುತ್ತದೆಯೇ? ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಹುಬ್ಬು ಮೇಲೇರಿತು.

"ಕೊನೇದಾಗಿ ಇವರು ಏನು ಕುಡಿದ್ರು?"

"ಟೀ," ಎಂದಳು ಅವಳು.

"ಕೊಟ್ಟಿದ್ದು ಯಾರು?"

"ನಾನೇ."

ಕೂತಿದ್ದವರೆಲ್ಲ ಒಟ್ಟಿಗೇ ಅವಳತ್ತ ತಿರುಗಿದರು. ಪತ್ತೇದಾರರಿಗೆ ತಾವೇನು ಮಾಡಿದೆವೆಂದು ಆಗ ಹೊಳೆಯಿತು. "ಅಯ್ಯೋ, ತಪ್ಪು ತಿಳೀಬೇಡಿ ಅಮ್ಮ. ಡೈಲಾಗು ತಾನಾಗೇ ಬಂದ್ಬಿಡ್ತು. ಬಾಯಿಗೆ ಅಭ್ಯಾಸ."

"ಹಾರ್ಟ್ ನಿಂತಿದ್ದು ಅಂತ ಡಾಕ್ಟರೇ ಹೇಳಿದ್ದಾರೆ," ಎಂದ ತಮ್ಮ, ಅಕ್ಕನ ಪರವಾಗಿ.

"ಸೀರಿಯಲ್ಲಲ್ಲೂ ಡಾಕ್ಟರು ಮೊದಲು ಹಾಗೇ ಹೇಳ್ತಿದ್ರು," ಎಂದರು ಟೀಚರ್.

ಇಂಥ ಹೊತ್ತಿನಲ್ಲಿ ಟೀ ತಟ್ಟೆ ಹೊರಬಂತು. ಅವಳೇ ಹಿಡಿದು ಒಬ್ಬೊಬ್ಬರ ಮುಂದೆ ನಿಂತಳು. ಒಬ್ಬರಿಗೆ ಶುಗರ್ ಇತ್ತು. ಒಬ್ಬರಿಗೆ ಹಲ್ಲುನೋವು. ಒಬ್ಬರು ಈಗ ತಾನೇ ಕುಡಿದು ಬಂದಿದ್ದರು. ಗೋಡೆಯ ಕಡೆಯಿಂದ ಯಾರೋ ಮೆಲ್ಲಗೆ, "ಹಾಲು ಕುಡಿದ ಮಕ್ಕಳೇ ಬದುಕಲ್ಲ..." ಎಂದು ಗಾದೆ ಶುರುಮಾಡಿ ಅರ್ಧಕ್ಕೇ ನುಂಗಿಕೊಂಡರು. ಹೇಗೆ ತುಂಬಿ ಹೋಗಿತ್ತೋ ಹಾಗೇ ತಟ್ಟೆ ಅಡುಗೆಮನೆಗೆ ಮರಳಿತು. ಬೆಳಿಗ್ಗೆಯಿಂದ ಅತ್ತಿರದವಳಿಗೆ, ಕೆನೆ ಕಟ್ಟುತ್ತಿದ್ದ ಆ ಲೋಟಗಳನ್ನು ನೋಡಿ ದುಃಖ ಒತ್ತರಿಸಿ ಬಂತು. ಗಂಡ ಹೋದದ್ದಕ್ಕೋ ಟೀ ಉಳಿದದ್ದಕ್ಕೋ ಅವಳಿಗೇ ತಿಳಿಯದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇಲ್ಲಿ ಟೀ ಸಿಗುತ್ತಾ ಅಮ್ಮ?"

ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದರು. ಮುಖ ಎಲ್ಲರಿಗೂ ಗೊತ್ತಿದ್ದದ್ದೇ. ಆ ಕಂತಿನಲ್ಲಿ ವಿಷ ಕುಡಿದು ಸತ್ತ ಅತ್ತೆ. ಅಲ್ಲಿ ಅವರು ಸತ್ತ ಸೊಗಸಿಗೆ ಮೆಚ್ಚಿ ಆಮೇಲೆ ಎಲ್ಲ ಧಾರಾವಾಹಿಗಳೂ ಅವರನ್ನು ಸಾಯಿಸಲು ಕರೆದಿದ್ದವು. ಸಾಯುವುದರಲ್ಲಿ ಅವರದು ಎತ್ತಿದ ಕೈ.

"ಇವರು ನನ್ನ ಕೊಂದಮೇಲೇ ಕಣಮ್ಮ ನಾನು ಹೊಟ್ಟೆ ತುಂಬ ಉಂಡಿದ್ದು," ಎಂದು ಅತ್ತೆ ಕಣ್ಣೊರೆಸಿಕೊಂಡು, ಲೋಟ ಎತ್ತಿಕೊಂಡು, ಹೊರಗೆ ಹೋಗಿ ಸತ್ತವನ ಪಕ್ಕದ ಕುರ್ಚಿಯಲ್ಲೇ ಕೂತರು. ಅವಳೂ ಹಿಂದೆಯೇ ಹೋದಳು.

ಅತ್ತೆ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಕೈ ನಿಧಾನವಾಗಿ ಎದೆಗೆ ಹೋಯಿತು. ಕೂತಿದ್ದವರೆಲ್ಲ ಎದ್ದು ನಿಂತರು. ಪತ್ತೇದಾರರ ಕೋಲು ಕೆಳಗೆ ಬಿತ್ತು.

"ಸಕ್ಕರೆ ಒಂಚೂರು ಕಮ್ಮಿ," ಎಂದರು ಅತ್ತೆ.

ಆಮೇಲೆ ಕಣ್ಣು ತೆರೆದು ಅವಳನ್ನೇ ನೋಡಿದರು. "ಅದೇ ಟೀ. ಆವತ್ತು ಫ್ಲಾಸ್ಕಲ್ಲಿ ಕಳಿಸಿದ್ದು ನೀನೇ ತಾನೆ? ಶೂಟಿಂಗ್ ಕಂಪನಿ ಟೀ ಬರೀ ಕಲಗಚ್ಚು. ಇವರು ತಾವು ಕುಡೀದೆ ನಿನ್ನದನ್ನೇ ನನ್ನ ಕಪ್ಪಿಗೆ ಹಾಕಿಸಿದ್ರು. ಒಳ್ಳೇ ಟೀ ಕುಡಿದು ಸಾಯ್ಲಿ ಪಾಪ ಅಂದ್ರು. ನಾನು ಬೇಕಂತಲೇ ಸಾಯೋದನ್ನ ಕೆಡಿಸಿದೆ, ಮತ್ತೆ ಮಾಡಿಸಲಿ ಅಂತ. ಪ್ರತಿಸಲ ಹೊಸ ಕಪ್ಪು. ಫ್ಲಾಸ್ಕ್ ಮುಗಿದಮೇಲೇ ನಾನು ಸರಿಯಾಗಿ ಸತ್ತಿದ್ದು."

ಅವಳು ಗಂಡನ ಮುಖ ನೋಡಿದಳು. ಊರೆಲ್ಲ ಕಣ್ಣರಳಿಸಿ ನೋಡಿದ ಆ ಕಪ್ಪಿನಲ್ಲಿದ್ದದ್ದು ತನ್ನ ಟೀ. ಇಷ್ಟು ವರ್ಷ ಈ ಮಹರಾಯ ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಕುಡಿಯದೆ ಹೋದಿರಲ್ಲ ಎಂದು ತಾನು ಬೈಯುತ್ತಿದ್ದೆ ಎಂಬುದೂ ಹೊಳೆಯಿತು. ಕೋಪ, ಹೆಮ್ಮೆ, ಅಳು ಮೂರೂ ಒಟ್ಟಿಗೇ ಬಂದವು.

"ನೀವು ಇದನ್ನ ಕುಡಿದೂ..." ಎಂದು ಟೀಚರ್ ತಡವರಿಸಿದರು.

"ಕುಡಿದೂ ಬದುಕಿದ್ದೀನಲ್ಲ. ಇನ್ನೊಂದು ಲೋಟ ಕೊಡಮ್ಮ."

ಟೀಚರ್ ಮೆಲ್ಲಗೆ ಕೈಚಾಚಿದರು. "ನನಗೂ ಅರ್ಧ," ಎಂದರು. ಮೊದಲ ಗುಟುಕಿಗೇ, "ಪೂರ್ತಿನೇ ಕೊಡು," ಎಂದರು.

ಅಲ್ಲಿಂದಾಚೆ ತಡೆಯುವವರಿಲ್ಲ. ಶುಗರಿನವರೂ ಹಲ್ಲುನೋವಿನವರೂ ಅಡುಗೆಮನೆಗೇ ನುಗ್ಗಿದರು. ಲೋಟ ಸಾಲದೆ ಟೀಚರ್ ತಮ್ಮ ಮನೆಯಿಂದ ತಂದರು. ಅವಳು ಸೋಸಿದಳು, ಸಕ್ಕರೆ ಹಾಕಿದಳು, ಮತ್ತೆ ಹಾಲಿಟ್ಟಳು. ಸ್ಮಶಾನಕ್ಕೊಯ್ಯುವ ವ್ಯಾನ್ ಬಂದು ಎರಡು ಸಲ ಹಾರ್ನ್ ಮಾಡಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಾದು ಕಾದು ಡ್ರೈವರೇ ಒಳಗೆ ಬಂದ. ಅವನ ಕೈಗೂ ಒಂದು ಲೋಟ ಬಂತು.

"ಹೊತ್ತಾಯ್ತು, ಎತ್ತೋಣ. ಬನ್ನಿ, ನಾಲ್ಕು ಜನ ಕೈಹಾಕಿ," ಎಂದು ತಮ್ಮ ಕೂಗಿದ. ಯಾರೂ ಅಲುಗಲಿಲ್ಲ. ಕೂಗಿದವನ ಬಲಗೈಯಲ್ಲೂ ಲೋಟವಿತ್ತು.

"ಇರ್ಲಿ ಬಿಡೋ," ಎಂದಳು ಅವಳು, ಗಂಡನ ತಲೆಯ ಬಳಿ ಕೂರುತ್ತ. "ನಿಧಾನಕ್ಕೆ ಕುಡೀರಿ ಎಲ್ಲರೂ. ಇವರಿಗೇನೂ ಅವಸರ ಇಲ್ಲ."

ಹೊರಬೇಕಾದವರೆಲ್ಲ ಅವನ ಸುತ್ತ ನಿಂತು, ಬಿಸಿ ಲೋಟಗಳನ್ನು ಕೈಯಿಂದ ಕೈಗೆ ಬದಲಿಸುತ್ತ, ಉಫ್ ಉಫ್ ಎಂದು ಊದುತ್ತಿದ್ದರು.